ಹಾಲು ಸಾಲದೋ, ಧೈರ್ಯ ಸಾಲದೋ?

ಪ್ರಶ್ನೆ: ಲಾಸ್ ಏಂಜಲೀಸ್‌ನ ಕ್ಲಿನಿಕ್ ಒಂದರಲ್ಲಿ ಸ್ವಯಂಸೇವಕಿಯಾಗಿದ್ದೇನೆ. ಅಲ್ಲಿಗೆ ಬರುವ ಮೆಕ್ಸಿಕೊ ಮೂಲದ ಬಡ ಬಾಣಂತಿಯರು ಎದೆಹಾಲೇ ಒಳ್ಳೆಯದೆಂದು ತಾವಾಗಿಯೇ ಹೇಳುತ್ತಾರೆ. ಆದರೂ ಹೆರಿಗೆಯಾದ ದಿನದಿಂದಲೇ ಫಾರ್ಮುಲಾ (ಪುಡಿಹಾಲಿನ) ಬಾಟಲಿಯನ್ನೂ ಕೊಡುತ್ತಾರೆ. ‘ಹಾಲು ಸಾಲುತ್ತಿಲ್ಲ’ ಎನ್ನುತ್ತಾರೆ. ನಿಜಕ್ಕೂ ಸಾಲುವುದಿಲ್ಲವೇ?

ಉತ್ತರ: ಬಹುಪಾಲು ತಾಯಂದಿರಿಗೆ ಸಾಲುತ್ತದೆ. ಎರಡನ್ನೂ ಕೊಡುವ ಈ ರೂಢಿಗೆ ಅವರಲ್ಲಿ ಹೆಸರೇ ಇದೆ: ‘ಲಾಸ್ ದೋಸ್’, ಅಂದರೆ ‘ಎರಡೂ’. ಎದೆಹಾಲಿನಿಂದ ರೋಗ ಹತ್ತಿರ ಬಾರದು, ಪುಡಿಹಾಲಿನಿಂದ ಮೈ ತುಂಬುತ್ತದೆ, ಎರಡರ ಲಾಭವೂ ಮಗುವಿಗೆ ಸಿಗಲಿ ಎಂಬ ಲೆಕ್ಕ. ಮಗು ‘ಗೊರ್ದಿತೊ’, ಅಂದರೆ ಗುಂಡುಗುಂಡಾಗಿ ಇದ್ದರೆ ತಾಯಿಗೆ ಶಹಬಾಸ್‌ಗಿರಿ. ಸಣಕಲಾಗಿದ್ದರೆ ನೆಂಟರ ಕಣ್ಣೆಲ್ಲ ಅವಳ ಎದೆಯ ಮೇಲೆ.

ಎಡವಟ್ಟು ಶುರುವಾಗುವುದು ಮೊದಲ ಮೂರು ದಿನಗಳಲ್ಲಿ. ಮೊದಲ ದಿನ ಮಗು ಒಂದು ಸಲಕ್ಕೆ ಕುಡಿಯುವ ಹಳದಿ ಹಾಲು 2ರಿಂದ 10 ಮಿ.ಲೀ. ಮಾತ್ರ, ಚಮಚದ ಲೆಕ್ಕ. ಹಾಲು ತುಂಬಿ ಇಳಿಯುವುದು ಸಾಮಾನ್ಯವಾಗಿ ಮೂರು-ನಾಲ್ಕನೇ ದಿನ. ಅಷ್ಟರೊಳಗೆ ಯಾರಾದರೂ 60 ಮಿ.ಲೀ. ಬಾಟಲಿ ಕುಡಿಸಿದರೆ ಮಗು ಗಂಟೆಗಟ್ಟಲೆ ಮಲಗುತ್ತದೆ. ಎಲ್ಲರಿಗೂ ‘ಪಾಪ, ಹಸಿದಿತ್ತು’ ಎನ್ನಿಸುತ್ತದೆ. ಇತ್ತ ಹಾಲು ಎದೆಯಲ್ಲೇ ನಿಲ್ಲುತ್ತದೆ. ನಿಂತಷ್ಟು ಹೊತ್ತೂ ‘ಸಾಕು’ ಎಂಬ ಸೂಚನೆ ಹೋಗಿ ಉತ್ಪಾದನೆ ತಗ್ಗುತ್ತದೆ. ಮುಂದಿನ ಸಲ ಹಾಲು ನಿಧಾನವಾಗಿ ಬರುತ್ತದೆ, ಮಗು ರೇಗಿ ಅಳುತ್ತದೆ, ಬಾಟಲಿ ದೊಡ್ಡದಾಗುತ್ತದೆ. ಮೊದಲು ಬರೀ ಅನುಮಾನವಾಗಿದ್ದದ್ದು ಎರಡು ವಾರದಲ್ಲಿ ನಿಜವಾಗಿಬಿಡುತ್ತದೆ.

ಆದ್ದರಿಂದ ಎದೆಯನ್ನಲ್ಲ, ಡೈಪರ್ ಎಣಿಸಲು ಕಲಿಸಿ. ಮೊದಲ ದಿನ ಒಂದು ಒದ್ದೆ ಡೈಪರ್, ಎರಡನೇ ದಿನ ಎರಡು. ಐದು-ಆರನೇ ದಿನದಿಂದ ದಿನಕ್ಕೆ ಕನಿಷ್ಠ ಆರು. ನಾಲ್ಕನೇ ದಿನದ ಹೊತ್ತಿಗೆ ಮಲ ಕಪ್ಪಿನಿಂದ ಹಳದಿಗೆ ತಿರುಗಿ ಮೂರು-ನಾಲ್ಕು ಸಲ ಆಗಬೇಕು. 24 ಗಂಟೆಯಲ್ಲಿ 8ರಿಂದ 12 ಸಲ ಹಾಲೂಡಿಸಬೇಕು. ಇಳಿದ ತೂಕ 10–14 ದಿನಗಳಲ್ಲಿ ಹುಟ್ಟಿದಾಗಿನಷ್ಟಕ್ಕೆ ಮರಳಬೇಕು. ಈ ಲೆಕ್ಕ ತಪ್ಪಿದರೆ ಮಾತ್ರ ತಡಮಾಡದೆ ವೈದ್ಯರ ಬಳಿಗೆ. ಆಗ ಪುಡಿಹಾಲು ಬೇಕೆಂದು ಅವರು ಹೇಳಿದರೆ ಮೊದಲು ಎದೆಗೆ ಹಚ್ಚಿ, ಆಮೇಲೆ ಬಾಟಲಿ ಕೊಡಲಿ. ಪ್ರತಿ ಬಾಟಲಿಗೂ ಒಮ್ಮೆ ಪಂಪ್‌ನಲ್ಲೋ ಕೈಯಲ್ಲೋ ಹಾಲು ಹಿಂಡಲಿ.

ಪ್ರಶ್ನೆ: ಸಿಟ್ಟು ಬಂದಾಗ ಹಾಲು ಕೆಡುತ್ತದೆ, ಆಗ ಕುಡಿಸಬಾರದು ಎಂದು ಅತ್ತೆಯಂದಿರು ತಡೆಯುತ್ತಾರೆ. ಅವರ ಮನಸ್ಸಿಗೆ ನೋವಾಗದಂತೆ ಏನು ಹೇಳಬೇಕು?

ಉತ್ತರ: ಈ ಸಿಟ್ಟಿಗೆ ‘ಕೊರಾಹೆ’ ಎನ್ನುತ್ತಾರೆ, ಇದರ ಜೊತೆಗಾರ ‘ಸುಸ್ತೊ’. (ನಮ್ಮ ಸುಸ್ತಲ್ಲ, ಹೌಹಾರಿ ಆದ ಹೆದರಿಕೆ.) ಹಾಲು ಕೆಡುವುದಿಲ್ಲ. ಆದರೆ ಅಜ್ಜಿಯರು ಕಂಡದ್ದು ಪೂರ್ತಿ ಸುಳ್ಳೂ ಅಲ್ಲ. ಮನಸ್ಸು ಕದಡಿದಾಗ ಆಕ್ಸಿಟೋಸಿನ್ ಸರಿಯಾಗಿ ಬಿಡುಗಡೆಯಾಗದೆ ಹಾಲು ಇಳಿಯುವುದು ತಡವಾಗುತ್ತದೆ. ‘ನೀವು ಹೇಳಿದ್ದು ಸರಿ ಅಮ್ಮ, ಸಿಟ್ಟು ಬಂದರೆ ಹಾಲು ಹಿಡಿದುಕೊಳ್ಳುತ್ತದೆ. ಸ್ವಲ್ಪ ಹೊತ್ತು ಬೆನ್ನು ನೀವಿ, ಬಿಸಿಯಾಗಿ ಏನಾದರೂ ಕುಡಿಸಿ, ಆಮೇಲೆ ಮಗುವನ್ನು ಕೊಡಿ’ ಎನ್ನಿ. ತಡೆಯುತ್ತಿದ್ದವರೇ ಹಾಲೂಡಿಸುವ ಕೆಲಸದ ಯಜಮಾನಿಯಾಗುತ್ತಾರೆ. ‘ಅದೆಲ್ಲ ಮೂಢನಂಬಿಕೆ’ ಎಂದಿರೋ, ಅಂದೇ ಆ ಮನೆಯ ಬಾಗಿಲು ಮುಚ್ಚಿತು.

ನಲವತ್ತು ದಿನದ ‘ಕ್ವಾರೆಂತೇನಾ’ ಬಾಣಂತನವನ್ನೂ ಹೀಗೆಯೇ ಬಳಸಿಕೊಳ್ಳಿ. ಕೋಳಿ ಸಾರು, ಮೆಕ್ಕೆಜೋಳದ ಹಿಟ್ಟಿನ ಬಿಸಿ ‘ಅತೋಲೆ’, ವಿಶ್ರಾಂತಿ, ಎಲ್ಲವೂ ತಾಯಿಗೆ ಬಲವೇ. ಹೊಟ್ಟೆಗೆ ಸುತ್ತುವ ‘ಫಾಹಾ’ ಪಟ್ಟಿ ಎದೆಯವರೆಗೆ ಏರಿ ಬಿಗಿಯದಿದ್ದರೆ ಸಾಕು. ಕಷ್ಟವಿರುವುದು ಅಮೆರಿಕದ ಒಂದು ಕೋಣೆಯ ಮನೆಯಲ್ಲಿ ಈ ಆರೈಕೆಯನ್ನು ಮಾಡುವವರಿಲ್ಲದಾಗ. ತವರಿನ ಅಮ್ಮ ಗಡಿಯಾಚೆ ಇರುತ್ತಾಳೆ, ಫೋನಿನಲ್ಲಿ ಸಿಗುತ್ತಾಳೆ, ಆದರೆ ಮಗು ಮೊಲೆ ಹಿಡಿದದ್ದು ಸರಿಯೇ ಎಂದು ಪಕ್ಕದಲ್ಲಿ ಕೂತು ನೋಡಲಾರಳು. ವಲಸೆ ಬಂದ ಹೊಸತರಲ್ಲಿ ಹೆಚ್ಚು ಕಾಲ ಹಾಲೂಡಿಸುವ ಸ್ತ್ರೀಯರು ಅಲ್ಲಿ ಬೇರೂರಿದಂತೆ ಬೇಗ ಬಿಡಿಸುವುದು ಮತ್ತೆ ಮತ್ತೆ ಕಂಡಿದೆ.

ಪ್ರಶ್ನೆ: ನರ್ಸಿಂಗ್ ವಿದ್ಯಾರ್ಥಿನಿ ನಾನು. ತಾಯಿಯ ಆತ್ಮವಿಶ್ವಾಸವನ್ನು ಅಳೆಯಲು ಸಾಧ್ಯವೇ?

ಉತ್ತರ: ಕೆನಡಾದ ಸಂಶೋಧಕಿ ಸಿಂಡಿ-ಲೀ ಡೆನಿಸ್ ಅವರ ಮಾಪಕವಿದೆ. 1999ರಲ್ಲಿ 33 ಹೇಳಿಕೆಗಳಿದ್ದವು. 2003ರಲ್ಲಿ ಅದನ್ನು 14ಕ್ಕೆ ಇಳಿಸಿದರು. ಒಂದೊಂದಕ್ಕೆ 1ರಿಂದ 5 ಅಂಕ, ಒಟ್ಟು 14ರಿಂದ 70. ಸ್ಪ್ಯಾನಿಷ್ ರೂಪವೂ ಇದೆ. ನಮ್ಮ ತಕರಾರು ಒಂದೇ: ಅದು ತಾಯಿಯೊಬ್ಬಳನ್ನೇ ಕೇಳುತ್ತದೆ. ರಾತ್ರಿ ಮಗು ಅತ್ತಾಗ ಮೊದಲು ಎತ್ತಿಕೊಳ್ಳುವವರು ಯಾರು, ಅವರು ತಮ್ಮ ಮಕ್ಕಳಿಗೆ ಹಾಲೂಡಿಸಿದ್ದರೇ ಎಂಬ ಎರಡು ಪ್ರಶ್ನೆ ನೀವೇ ಸೇರಿಸಿಕೊಳ್ಳಿ. ‘ಲ್ಯಾಟಿನಾ’ (ಲ್ಯಾಟಿನ್ ಅಮೆರಿಕ ಮೂಲದವಳು) ಎಂದು ಎಲ್ಲರನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ಪೋರ್ಟೊರಿಕೊದವರ ರೂಢಿ ಬೇರೆ, ಗ್ವಾಟೆಮಾಲಾದವರದು ಬೇರೆ. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿಯುವ, ಮೆಕ್ಸಿಕೊದ ಮೂಲನಿವಾಸಿಗಳಾದ ಮಿಕ್ಸ್‌ಟೆಕ್ ತಾಯಂದಿರಿಗಂತೂ ಸ್ಪ್ಯಾನಿಷ್ ಮನೆಮಾತೇ ಅಲ್ಲ.

ಪ್ರಶ್ನೆ: ಬಡ ತಾಯಿ-ಮಕ್ಕಳಿಗೆ ಆಹಾರ ಒದಗಿಸುವ ಸರಕಾರದ ವಿಕ್ (WIC) ಯೋಜನೆಯೇ ಪುಡಿಹಾಲು ಕೊಡುವಾಗ ಬೇಡವೆನ್ನುವವರು ಯಾರು? ಕೆಲಸಕ್ಕೆ ಹೋಗುವವರ ಗತಿ?

ಉತ್ತರ: ವಿಕ್‌ನಲ್ಲಿ ಎದೆಹಾಲನ್ನೇ ಕೊಡುವ ತಾಯಿಗೆ ಒಂದು ವರ್ಷದವರೆಗೆ ಆಹಾರ ಸಿಗುತ್ತದೆ, ಅದೂ ಹೆಚ್ಚು ಪ್ರಮಾಣದಲ್ಲಿ, ಎದೆಹಾಲು ಕೊಡದವಳಿಗೆ ಆರೇ ತಿಂಗಳು. ಇದನ್ನು ತಾಯಿಗೆ ಮೊದಲೇ ಲೆಕ್ಕ ಹಾಕಿ ತೋರಿಸಿ. ಇಲ್ಲವಾದರೆ ಡಬ್ಬಿಯೇ ದೊಡ್ಡ ಕೊಡುಗೆಯಾಗಿ ಕಾಣುತ್ತದೆ. ಅಲ್ಲಿ ಪೌರತ್ವ ಕೇಳುವುದಿಲ್ಲ. ತಾವೂ ಹಾಲೂಡಿಸಿದ, ಅದೇ ಭಾಷೆಯ ಸಲಹೆಗಾರ್ತಿಯರು ಹಲವು ಕೇಂದ್ರಗಳಲ್ಲಿರುತ್ತಾರೆ. ಹೆರಿಗೆಗೆ ಮುಂಚೆಯೇ ಪರಿಚಯ ಮಾಡಿಸಿ.

ಕೆಲಸದ ವಿಷಯಕ್ಕೆ, 2022ರ ಡಿಸೆಂಬರ್‌ನಲ್ಲಿ ಸಹಿಯಾದ ‘ಪಂಪ್’ ಕಾಯ್ದೆಯಂತೆ ಮಗುವಿಗೆ ವರ್ಷ ತುಂಬುವವರೆಗೆ ಹಾಲು ಹಿಂಡಲು ಬಿಡುವನ್ನೂ ಶೌಚಾಲಯವಲ್ಲದ ಮರೆಯ ಜಾಗವನ್ನೂ ಕೊಡಬೇಕು. ಹೊಲದ ಕೂಲಿಗಳಿಗೂ ಇದು ಅನ್ವಯ. 50ಕ್ಕಿಂತ ಕಡಿಮೆ ಕೆಲಸಗಾರರಿರುವ ಮಾಲೀಕರು ವಿನಾಯಿತಿ ಕೇಳಬಹುದು, ಆದರೆ ತಮಗಾಗುವ ವಿಪರೀತ ತೊಂದರೆಯನ್ನು ತೋರಿಸಬೇಕು. ಬಿಡುವಿಗೆ ಸಂಬಳ ಸಿಗದಿರಬಹುದು; ದಿನಗೂಲಿಯವಳು ಹಿಂಜರಿಯುವುದು ಅಲ್ಲೇ. ಹಿಂಡಿದ ಹಾಲು ಕೋಣೆಯ ಉಷ್ಣತೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇರುತ್ತದೆ. ಬಿಸಿಲಿನ ಹೊಲದಲ್ಲಿ ಆ 4 ಗಂಟೆಯನ್ನು ನಂಬಬೇಡಿ, ಐಸ್ ಪ್ಯಾಕ್ ಇಟ್ಟ ಚೀಲ ಬೇಕೇ ಬೇಕು.