ಚರ್ಚಾ ಸ್ಪರ್ಧೆಗೆ ಎಂಥ ವಿಷಯ ಕೊಡಬೇಕು?

ಪ್ರಶ್ನೆ: ನಮ್ಮ ಪಿಯು ಕಾಲೇಜಿನ ಚರ್ಚಾ ಸ್ಪರ್ಧೆಗೆ ‘ಮೊಬೈಲ್: ವರವೋ ಶಾಪವೋ?’ ಎಂಬ ವಿಷಯ ಕೊಟ್ಟಿದ್ದೆವು. ಪರ ಮಾತಾಡಿದವರೂ ವಿರೋಧ ಮಾತಾಡಿದವರೂ ‘ಮಿತವಾಗಿ ಬಳಸಿದರೆ ವರ, ಅತಿಯಾದರೆ ಶಾಪ’ ಎಂದೇ ಮುಗಿಸಿದರು. ವಿಷಯ ಆರಿಸುವುದು ಹೇಗೆ?
– ಉಪನ್ಯಾಸಕಿ, ತುಮಕೂರು ಜಿಲ್ಲೆ

ಉತ್ತರ: ತಪ್ಪು ಮಕ್ಕಳದ್ದಲ್ಲ, ವಿಷಯದ್ದು. ಅದು ಪ್ರಬಂಧಕ್ಕೆ ಒಪ್ಪುವ ತಲೆಬರಹ. ಪ್ರಶ್ನೆಯನ್ನೇ ವಿಷಯವಾಗಿ ಇಟ್ಟರೆ ‘ಪರ’ ಎಂದರೆ ಯಾವುದರ ಪರ? ಯಾರು, ಏನು ಮಾಡಬೇಕು ಎಂಬುದು ಪೂರ್ಣ ವಾಕ್ಯದಲ್ಲಿ ಇರಲಿ: ‘ಪಿಯು ಕಾಲೇಜಿನ ಆವರಣಕ್ಕೆ ವಿದ್ಯಾರ್ಥಿಗಳು ಮೊಬೈಲ್ ತರುವುದನ್ನು ಸರ್ಕಾರ ನಿಷೇಧಿಸಬೇಕು.’ ಇಲ್ಲಿ ‘ಮಿತವಾಗಿ’ ಎಂದು ನುಣುಚಿಕೊಳ್ಳುವುದು ಕಷ್ಟ.

‘ಅತಿಯಾದ ಮೊಬೈಲ್ ಬಳಕೆ ಹಾನಿಕರ’ ಎಂಬುದೂ ಕೆಲಸಕ್ಕೆ ಬಾರದು. ‘ಅತಿ’ ಎಂದಾಗಲೇ ತೀರ್ಪು ಬಂದಾಯಿತು, ವಿರೋಧಕ್ಕೆ ಏನು ಉಳಿಯಿತು? ‘ಮತ್ತು’ ಹಾಕಿ ಎರಡು ಬೇಡಿಕೆ ಸೇರಿಸಬೇಡಿ; ಒಂದನ್ನು ಒಪ್ಪಿ ಇನ್ನೊಂದನ್ನು ಬಿಡುವವನು ಯಾವ ಕಡೆಯವನು? ‘ಬೇಡ’, ‘ಬಾರದು’ ಎಂದು ಮುಗಿಯುವ ವಾಕ್ಯವೂ ಗೊಂದಲವೇ. ಪರ ನಿಂತ ಹುಡುಗ ಬಾಯಿ ತೆರೆದರೆ ‘ನಾನು ವಿರೋಧಿಸುತ್ತೇನೆ’ ಎನ್ನುತ್ತಾನೆ.

ವಿಷಯ ಪ್ರಕಟಿಸುವ ಮೊದಲು ಇಬ್ಬರು ಉಪನ್ಯಾಸಕರು ಒಂದೊಂದು ಕಡೆಗೆ 10 ನಿಮಿಷ ಕೂತು ವಾದ ಬರೆಯಲಿ. ಒಂದರ ನೆರಳು ಇನ್ನೊಂದರ ಮೇಲೆ ಬೀಳದ ನಾಲ್ಕು ವಾದಗಳಾದರೂ ಎರಡೂ ಕಡೆ ಸಿಗಬೇಕು. ಒಂದು ಕಡೆ ಎರಡಕ್ಕೇ ಲೇಖನಿ ನಿಂತರೆ ಆ ವಿಷಯ ಬಿಡಿ. ಹೆಸರು ಕೊಟ್ಟ 20 ಮಂದಿಯಲ್ಲಿ 16 ಮಂದಿ ಒಂದೇ ಕಡೆ ಕೇಳಿದರೂ ವಿಷಯ ವಾಲಿದೆ ಎಂದೇ ಅರ್ಥ.

ಈ ಪರೀಕ್ಷೆಯಲ್ಲಿ ಪಾಸಾಗುವ ಒಂದು ವಿಷಯ: ‘ಲೋಕಸಭೆ ಚುನಾವಣೆಗೆ ನಿಲ್ಲುವ ಕನಿಷ್ಠ ವಯಸ್ಸನ್ನು 25ರಿಂದ 21ಕ್ಕೆ ಇಳಿಸಬೇಕು.’ ಪಂಚಾಯಿತಿಗೆ 21ಕ್ಕೇ ನಿಲ್ಲಬಹುದು, ಮತದಾನದ ವಯಸ್ಸು 1989ರಲ್ಲಿ 21ರಿಂದ 18ಕ್ಕೆ ಇಳಿಯಿತು ಎಂದು ಪರದವರು ಹಿಡಿಯುತ್ತಾರೆ. ವಯಸ್ಸು ಇಳಿದರೂ ಟಿಕೆಟ್ ಕೊಡುವವರು ಬದಲಾಗುವುದಿಲ್ಲ, ಊರಿನ ಚರಂಡಿ ನೋಡುವುದೂ ದೇಶಕ್ಕೆ ಕಾನೂನು ಮಾಡುವುದೂ ಒಂದೇ ಅಲ್ಲ ಎಂದು ವಿರೋಧದವರು.

ಪ್ರಶ್ನೆ: ವಿಷಯ ಕೈಗೆ ಸಿಗುವುದು ಸ್ಪರ್ಧೆಗೆ ಅರ್ಧ ಗಂಟೆ ಮೊದಲು. ಎಲ್ಲಿಂದ ಶುರು ಮಾಡಲಿ?
– ಬಿ.ಎ. ವಿದ್ಯಾರ್ಥಿ, ಧಾರವಾಡ

ಉತ್ತರ: ವಾದದಿಂದಲ್ಲ, ವಿಷಯದ ಪದಗಳಿಂದ. ‘ಲೋಕಸಭಾ ಚುನಾವಣೆಯಲ್ಲಿ ನೋಟಾಕ್ಕೆ ಅತಿ ಹೆಚ್ಚು ಮತ ಬಿದ್ದರೆ ಮರುಚುನಾವಣೆ ನಡೆಸಬೇಕು’ ಎಂದಿದೆ ಎನ್ನಿ. ಮೊದಲ ಐದು ನಿಮಿಷ ಈಗ ಏನಿದೆ ಎಂದು ಬರೆದುಕೊಳ್ಳಿ: ಸುಪ್ರೀಂ ಕೋರ್ಟ್ ಆದೇಶದಿಂದ 2013ರಲ್ಲಿ ನೋಟಾ ಬಂತು, ಅದಕ್ಕೇ ಹೆಚ್ಚು ಮತ ಬಿದ್ದರೂ ಅಭ್ಯರ್ಥಿಗಳ ಪೈಕಿ ಮುಂದಿರುವವರೇ ಗೆಲ್ಲುತ್ತಾರೆ. ಆಮೇಲೆ ವಾಕ್ಯ ಏನನ್ನು ಹೇಳದೆ ಬಿಟ್ಟಿದೆ ನೋಡಿ. ಅದೇ ಅಭ್ಯರ್ಥಿಗಳು ಮತ್ತೆ ನಿಲ್ಲಬಹುದೇ? ಪರದವರು ಇದನ್ನು ಮೊದಲ ಅರ್ಧ ನಿಮಿಷದಲ್ಲೇ ಹೇಳಬೇಕು, ಇಲ್ಲದಿದ್ದರೆ ವಿರೋಧದವರು ತಮಗೆ ಬೇಕಾದಂತೆ ತುಂಬುತ್ತಾರೆ. ಎರಡನೇ ಸಲವೂ ನೋಟಾವೇ ಮುಂದಿದ್ದರೆ ಏನು, ಖರ್ಚು ಯಾರದು ಎಂಬುದು ವಿರೋಧದವರ ಅಸ್ತ್ರ. ಮೂರು ನಿಮಿಷಕ್ಕೆ ಮೂರು ವಾದ ಸಾಕು.

ವಿರೋಧ ಬಂದರೆ ‘ನೋಟಾವೇ ಬೇಡ’ ಎಂದು ಹೊರಡಬೇಡಿ. ಮರುಚುನಾವಣೆ ಬೇಡ ಎಂದು ತೋರಿಸುವುದಷ್ಟೇ ನಿಮ್ಮ ಹೊಣೆ.