ತಾಯಿಯ ಸಾವು, ಬಾಲ್ಯದ ನೋವು, ನನ್ನ ಖಿನ್ನತೆ: ಆತ್ಮಹತ್ಯೆಯ ಅಪಾಯ ರಕ್ತದಲ್ಲೇ ಬರುತ್ತದೆಯೇ?

ಪ್ರಶ್ನೆ: ನನಗೆ 36 ವರ್ಷ. ನಾನು ಒಂಬತ್ತು ವರ್ಷದವಳಿದ್ದಾಗ ತಾಯಿ ಆತ್ಮಹತ್ಯೆ ಮಾಡಿಕೊಂಡರು. ಆಮೇಲೆ ನಾನು ಬೆಳೆದ ಮನೆಯಲ್ಲಿ ಹೊಡೆತ, ಬೈಗುಳ ದಿನನಿತ್ಯದ್ದಾಗಿತ್ತು. ಎರಡು ವರ್ಷಗಳಿಂದ ಖಿನ್ನತೆಗೆ ಔಷಧಿ ತೆಗೆದುಕೊಳ್ಳುತ್ತಿದ್ದೇನೆ, ಸುಧಾರಿಸಿಯೂ ಇದ್ದೇನೆ. ಆದರೂ ಕೆಲವು ದಿನ, ಬದುಕಿದ್ದು ಏನು ಪ್ರಯೋಜನ ಎಂಬ ಯೋಚನೆ ಬರುತ್ತದೆ. ‘ಅದು ಅವರ ವಂಶದಲ್ಲೇ ಇದೆ’ ಎಂದು ಸಂಬಂಧಿಕರು ಆಡಿಕೊಳ್ಳುವುದನ್ನು ಕೇಳಿ ಬೆಳೆದವಳು ನಾನು. ಅದು ನಿಜವೇ? ನನ್ನ ಮಗಳಿಗೂ ಬರುತ್ತದೆಯೇ? ವಂಶವಾಹಿ ಪರೀಕ್ಷೆ ಮಾಡಿಸಿದರೆ ಮೊದಲೇ ತಿಳಿಯುತ್ತದೆಯೇ?

ಉತ್ತರ: ನೀವು ಕೇಳಿರುವ ಮೂರು ಪ್ರಶ್ನೆಗಳಿಗಿಂತ ಮೊದಲು, ಪತ್ರದ ನಡುವೆ ಬಂದಿರುವ ಒಂದು ಸಾಲಿಗೆ ಉತ್ತರಿಸಬೇಕು. ಬದುಕಿದ್ದು ಏನು ಪ್ರಯೋಜನ ಎಂಬ ಯೋಚನೆ ಈಗಲೂ ಬರುತ್ತಿದೆ ಎಂಬುದನ್ನು ನಿಮಗೆ ಔಷಧಿ ಕೊಡುತ್ತಿರುವ ವೈದ್ಯರಿಗೆ ಹೇಳಿದ್ದೀರಾ? ಹೇಳಿಲ್ಲವಾದರೆ ಮುಂದಿನ ಭೇಟಿಯವರೆಗೂ ಕಾಯದೆ, ಇದೇ ವಾರ ಹೇಳಿ. ತಾಯಿಯ ಸಾವಿನ ವಿಷಯವನ್ನೂ ಬಾಲ್ಯದ ವಿಷಯವನ್ನೂ ಜೊತೆಗೇ ತಿಳಿಸಿ, ಏಕೆಂದರೆ ಚಿಕಿತ್ಸೆಯನ್ನು ನಿರ್ಧರಿಸುವಲ್ಲಿ ಈ ಎರಡೂ ಸಂಗತಿಗಳಿಗೆ ನಿಜವಾದ ಬೆಲೆಯಿದೆ. ಯೋಚನೆಯು ಹೇಗೆ, ಯಾವಾಗ ಎಂಬ ಲೆಕ್ಕಾಚಾರದ ಕಡೆಗೆ ತಿರುಗಿದರೆ ಒಬ್ಬರೇ ಇರಬೇಡಿ. ನಂಬಿಕೆಯ ಒಬ್ಬರನ್ನು ಕರೆದುಕೊಂಡು ಅದೇ ದಿನ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಅಥವಾ ನೀವಿರುವ ಕಡೆಯ ಮಾನಸಿಕ ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ.

ಇನ್ನು ವಂಶದ ಮಾತು. ಕುಟುಂಬದಲ್ಲಿ ಆತ್ಮಹತ್ಯೆಯಾಗಿದ್ದರೆ ಉಳಿದವರಿಗೆ ಅಪಾಯ ಸ್ವಲ್ಪ ಹೆಚ್ಚು ಎಂಬುದು ಸುಳ್ಳಲ್ಲ. ಅದರಲ್ಲಿ ವಂಶವಾಹಿಗಳ ಪಾಲೆಷ್ಟು, ಬೆಳೆದ ಮನೆಯ ಪಾಲೆಷ್ಟು ಎಂಬುದನ್ನು ಬಿಡಿಸಿ ನೋಡಲು ಡೆನ್ಮಾರ್ಕ್‌ನಲ್ಲಿ ದತ್ತುಮಕ್ಕಳ ಅಧ್ಯಯನವೊಂದು ನಡೆದು, 1979ರಲ್ಲಿ ಪ್ರಕಟವಾಯಿತು. ಆತ್ಮಹತ್ಯೆಯಿಂದ ತೀರಿಕೊಂಡಿದ್ದ ದತ್ತುಮಕ್ಕಳ ರಕ್ತಸಂಬಂಧಿಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಹೆಚ್ಚಿತ್ತು. ಅವರನ್ನು ಸಾಕಿದ ಮನೆಯವರಲ್ಲಿ ಹಾಗಿರಲಿಲ್ಲ. ಅವಳಿಗಳ ಅಧ್ಯಯನಗಳೂ ಇದನ್ನೇ ಬೇರೆ ದಾರಿಯಿಂದ ತೋರಿಸಿವೆ: ಆತ್ಮಹತ್ಯೆಯ ಯೋಚನೆ ಮತ್ತು ಪ್ರಯತ್ನಗಳಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು 30ರಿಂದ 55 ಶೇಕಡದಷ್ಟನ್ನು ಆನುವಂಶಿಕತೆ ವಿವರಿಸುತ್ತದೆ. ಖಿನ್ನತೆಯ ಮಟ್ಟಿಗೆ ಈ ಅಂದಾಜು ಶೇಕಡ 37ರ ಆಸುಪಾಸಿನಲ್ಲಿದೆ.

ಈ ಅಂಕಿಗಳನ್ನು ಓದಿದವರು ಸಾಮಾನ್ಯವಾಗಿ ತಪ್ಪು ತಿಳಿದುಕೊಳ್ಳುತ್ತಾರೆ, ಮತ್ತು ಆ ತಪ್ಪಿನಿಂದ ಅನಗತ್ಯವಾಗಿ ಸಂಕಟಪಡುತ್ತಾರೆ. ಶೇಕಡ 37 ಎಂದರೆ ನಿಮಗೋ ನಿಮ್ಮ ಮಗಳಿಗೋ ಖಿನ್ನತೆ ಬರುವ ಸಾಧ್ಯತೆ ಶೇಕಡ 37 ಎಂದಲ್ಲ. ಒಂದು ದೊಡ್ಡ ಜನಸಮೂಹದಲ್ಲಿ ಕೆಲವರಿಗೆ ಕಾಯಿಲೆ ಬಂದು ಕೆಲವರಿಗೆ ಬಾರದಿರುವ ವ್ಯತ್ಯಾಸದಲ್ಲಿ ಅಷ್ಟು ಭಾಗ ಆನುವಂಶಿಕ ವ್ಯತ್ಯಾಸಕ್ಕೆ ಹೊಂದಿಕೊಂಡಿದೆ ಎಂದಷ್ಟೇ ಅದರ ಅರ್ಥ. ಒಬ್ಬ ವ್ಯಕ್ತಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಹಾಗಾದರೆ ಆ ವಂಶವಾಹಿ ಯಾವುದು? ಹಾಗೆಂದು ಬೊಟ್ಟು ಮಾಡಿ ತೋರಿಸಬಹುದಾದ ಒಂದು ವಂಶವಾಹಿ ಇಲ್ಲ. ಇದೆ ಎಂದು ಒಂದು ಕಾಲಕ್ಕೆ ವಿಜ್ಞಾನಿಗಳೂ ನಂಬಿದ್ದರು. ನ್ಯೂಜಿಲೆಂಡಿನ ಡುನೆಡಿನ್ ನಗರದಲ್ಲಿ ಹುಟ್ಟಿದಂದಿನಿಂದ ಗಮನಿಸುತ್ತ ಬಂದಿದ್ದ 847 ಜನರ ಮಾಹಿತಿಯನ್ನು ಆಧರಿಸಿ, ಮಿದುಳಿನ ನರಕೋಶಗಳ ನಡುವೆ ಸಂಕೇತ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕದ ಸಾಗಣೆಗೆ ಸಂಬಂಧಿಸಿದ ವಂಶವಾಹಿಯ ಒಂದು ರೂಪ ಉಳ್ಳವರಲ್ಲಿ, ಕಷ್ಟದ ಘಟನೆಗಳು ಎದುರಾದಾಗ ಖಿನ್ನತೆ ಮತ್ತು ಆತ್ಮಹತ್ಯೆಯ ಯೋಚನೆ ಹೆಚ್ಚಾಗಿ ಕಾಣಿಸುತ್ತದೆ ಎಂಬ ವರದಿ 2003ರಲ್ಲಿ ಬಂದಾಗ ಅದು ಜಗತ್ತಿನಾದ್ಯಂತ ಸುದ್ದಿಯಾಯಿತು. 2009ರಲ್ಲಿ 14 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಆ ಸಂಬಂಧ ನಿಲ್ಲಲಿಲ್ಲ. ಕಷ್ಟದ ಘಟನೆಗಳು ಖಿನ್ನತೆಯನ್ನು ತರುತ್ತವೆ ಎಂಬ ಭಾಗ ಮಾತ್ರ ಗಟ್ಟಿಯಾಗಿ ಉಳಿಯಿತು. 2019ರಲ್ಲಿ ಲಕ್ಷಾಂತರ ಜನರ ಮಾಹಿತಿಯನ್ನು ಪರಿಶೀಲಿಸಿದ ಇನ್ನೊಂದು ತಂಡವು, ಹೀಗೆ ಹೆಸರು ಮಾಡಿದ್ದ ಖಿನ್ನತೆಯ ವಂಶವಾಹಿಗಳು ಯಾದೃಚ್ಛಿಕವಾಗಿ ಆಯ್ದ ವಂಶವಾಹಿಗಳಿಗಿಂತ ಹೆಚ್ಚೇನನ್ನೂ ಹೇಳುವುದಿಲ್ಲ ಎಂದು ತೋರಿಸಿತು.

ಇಂದಿನ ತಿಳಿವಳಿಕೆ ಬೇರೆಯೇ ಆಗಿದೆ. ಖಿನ್ನತೆಯಲ್ಲಿ ನೂರಾರು ಆನುವಂಶಿಕ ವ್ಯತ್ಯಾಸಗಳು ಪಾಲ್ಗೊಳ್ಳುತ್ತವೆ, ಒಂದೊಂದರ ಪ್ರಭಾವವೂ ತೀರಾ ಅಲ್ಪ. ಹನಿ ಹನಿ ಕೂಡಿ ಹಳ್ಳವಾಗುವ ಬಗೆ ಇದು. ಆತ್ಮಹತ್ಯೆಗೆ ಪ್ರಯತ್ನಿಸಿದ್ದ ಸುಮಾರು 30,000 ಜನರ ಮಾಹಿತಿಯನ್ನು ಉಳಿದವರ ಮಾಹಿತಿಯೊಂದಿಗೆ ಹೋಲಿಸಿ 2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ವಂಶವಾಹಿಗಳನ್ನು ಹೊತ್ತಿರುವ ವರ್ಣತಂತುಗಳಲ್ಲಿ (ಕ್ರೋಮೋಸೋಮ್) ಏಳನೆಯದರ ಒಂದು ಭಾಗದ ನಂಟು ಮಾನಸಿಕ ಕಾಯಿಲೆಗಳ ಪ್ರಭಾವವನ್ನು ಲೆಕ್ಕದಿಂದ ತೆಗೆದ ಮೇಲೂ ಉಳಿದುಕೊಂಡಿತು. ಆತ್ಮಹತ್ಯೆಯ ಒಲವಿನ ಸ್ವಲ್ಪ ಭಾಗ ಖಿನ್ನತೆಯಿಂದ ಪ್ರತ್ಯೇಕವಾಗಿಯೂ ಬರಬಹುದು ಎಂಬುದಕ್ಕೆ ಇದು ಮುಖ್ಯವಾದ ಸುಳಿವು. ಆದರೆ ಒಬ್ಬ ವ್ಯಕ್ತಿಯ ಮುಂದಿನ ದಿನಗಳನ್ನು ಅದರಿಂದ ಓದಲಾಗದು. ಆದ್ದರಿಂದ ಪರೀಕ್ಷೆಯ ಬಗ್ಗೆ ನನ್ನ ಸಲಹೆ ಸ್ಪಷ್ಟವಾಗಿದೆ: ಮಾಡಿಸಬೇಡಿ. ನಿಮಗಾಗಲಿ ಮಗಳಿಗಾಗಲಿ ಆತ್ಮಹತ್ಯೆಯ ಅಪಾಯವನ್ನು ಮುಂಗಂಡು ಹೇಳಬಲ್ಲ ವಂಶವಾಹಿ ಪರೀಕ್ಷೆ ಇಂದು ಇಲ್ಲ. ಫಲಿತಾಂಶ ಒಳ್ಳೆಯದಿದ್ದರೆ ಸುಳ್ಳು ಧೈರ್ಯ ಬರುತ್ತದೆ, ಕೆಟ್ಟದಿದ್ದರೆ ಸಂಬಂಧಿಕರ ಆ ಮಾತಿಗೆ ವಿಜ್ಞಾನದ ಮೊಹರು ಬಿದ್ದಂತೆ ತೋರುತ್ತದೆ; ಎರಡೂ ನಿಮಗೆ ಹಾನಿಯೇ.

ಬಾಲ್ಯದ ನೋವಿನ ಬಗ್ಗೆ ಸಾಕ್ಷ್ಯ ಇದಕ್ಕಿಂತ ಬಲವಾಗಿದೆ. ಅಮೆರಿಕದಲ್ಲಿ 17,000ಕ್ಕೂ ಹೆಚ್ಚು ವಯಸ್ಕರನ್ನು ಕೇಳಿ ಮಾಡಿದ, 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೊಡೆತ, ಲೈಂಗಿಕ ದೌರ್ಜನ್ಯ, ಅವಮಾನ, ಮನೆಯಲ್ಲಿ ಕುಡಿತ ಅಥವಾ ಹಿಂಸೆ ಇವುಗಳಲ್ಲಿ ಯಾವುದೇ ಒಂದನ್ನು ಬಾಲ್ಯದಲ್ಲಿ ಅನುಭವಿಸಿದವರಲ್ಲಿ ಆತ್ಮಹತ್ಯೆಯ ಪ್ರಯತ್ನದ ಅಪಾಯ ಎರಡರಿಂದ ಐದು ಪಟ್ಟು ಹೆಚ್ಚಿತ್ತು. ಇಂಥ ಅನುಭವಗಳ ಸಂಖ್ಯೆ ಏರಿದಂತೆ ಅಪಾಯವೂ ಏರುತ್ತಿತ್ತು. ನಿಮಗಾದದ್ದು ಸಣ್ಣ ವಿಷಯವಲ್ಲ. ಯಾವ ಮಗುವಿಗೂ ಆಗಬಾರದಿದ್ದದ್ದು ನಿಮಗೆ ಆಗಿದೆ, ಅದರ ಹೊಣೆ ನಿಮ್ಮದಲ್ಲ.

ಅನುಭವವೊಂದು ದೇಹದಲ್ಲಿ ಇಷ್ಟು ಕಾಲ ಹೇಗೆ ಉಳಿಯುತ್ತದೆ? ಒತ್ತಡ ಬಂದಾಗ ದೇಹ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ. ಅಪಾಯ ಕಳೆದ ಮೇಲೆ, ಮಿದುಳಿನಲ್ಲಿರುವ ಗ್ರಾಹಕಗಳು ಅದೇ ಕಾರ್ಟಿಸಾಲನ್ನು ಗುರುತಿಸಿ ಇನ್ನು ಸಾಕು ಎಂಬ ಸಂಕೇತವನ್ನು ಕಳುಹಿಸುತ್ತವೆ. ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾಗಿ ಮುಂದೆ ಆತ್ಮಹತ್ಯೆಯಿಂದ ತೀರಿಕೊಂಡವರ ಮಿದುಳಿನ ಅಂಗಾಂಶವನ್ನು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ 2009ರಲ್ಲಿ ವರದಿ ಮಾಡಿದರು. ಆ ಗ್ರಾಹಕದ ವಂಶವಾಹಿಯ ಮೇಲೆ ಮೀಥೈಲ್ ಎಂಬ ರಾಸಾಯನಿಕ ಗುರುತು ಹೆಚ್ಚಾಗಿತ್ತು, ವಂಶವಾಹಿಯ ಚಟುವಟಿಕೆ ಕುಗ್ಗಿತ್ತು. ಆತ್ಮಹತ್ಯೆಯಿಂದಲೇ ತೀರಿಕೊಂಡಿದ್ದರೂ ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸದವರಲ್ಲಿ ಈ ಬದಲಾವಣೆ ಕಾಣಲಿಲ್ಲ. ಒಂದೊಂದು ಗುಂಪಿನಲ್ಲಿ 12 ಜನರಿದ್ದ ಸಣ್ಣ ಅಧ್ಯಯನ ಅದು, ಅದರ ಮೇಲೆ ಹೆಚ್ಚು ಭಾರ ಹೊರಿಸಬಾರದು. ಆದರೂ ವಂಶವಾಹಿಯ ಅಕ್ಷರಗಳು ಬದಲಾಗದೆ, ಅದು ಕೆಲಸ ಮಾಡುವ ರೀತಿ ಅನುಭವದಿಂದ ಬದಲಾಗಬಹುದು ಎಂಬ ದಾರಿಯನ್ನು ಅದು ತೋರಿಸಿತು. 2013ರಲ್ಲಿ ಎಫ್‌ಕೆಬಿಪಿ5 ಎಂಬ ಒತ್ತಡ ಸಂಬಂಧಿ ವಂಶವಾಹಿಯಲ್ಲಿ ಇನ್ನೂ ಸೂಕ್ಷ್ಮವಾದ ಸಂಗತಿ ಹೊರಬಂತು: ಅದರ ಒಂದು ರೂಪ ಉಳ್ಳವರಲ್ಲಿ ಬಾಲ್ಯದ ಆಘಾತವು ಇಂಥ ರಾಸಾಯನಿಕ ಗುರುತುಗಳನ್ನು ಬದಲಿಸುತ್ತಿತ್ತು, ಮತ್ತೊಂದು ರೂಪ ಉಳ್ಳವರಲ್ಲಿ ಹಾಗಾಗುತ್ತಿರಲಿಲ್ಲ. ವಂಶವಾಹಿ ಮತ್ತು ಬಾಲ್ಯ ಒಂದೇ ಜಾಗದಲ್ಲಿ ಕೂಡುವುದನ್ನು ಕಾಣುವುದೆಂದರೆ ಇದು.

ಆದರೆ ಆನುವಂಶಿಕ ಅಪಾಯ ಹೆಚ್ಚಿರುವವರೆಲ್ಲರಿಗೂ ಬಾಲ್ಯದ ಆಘಾತ ಹೆಚ್ಚು ಪೆಟ್ಟು ಕೊಡುತ್ತದೆ ಎಂಬ ಸರಳ ಸೂತ್ರ ಇನ್ನೂ ಸಾಬೀತಾಗಿಲ್ಲ. 2014ರಲ್ಲಿ ಹಾಗೆ ತೋರಿತ್ತು. 2018ರಲ್ಲಿ 5,765 ಜನರನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಅದು ಕಾಣಲಿಲ್ಲ. ಎರಡೂ ಅಪಾಯವನ್ನು ಹೆಚ್ಚಿಸುತ್ತವೆ ಎಂಬುದಷ್ಟೇ ಈಗ ಖಚಿತ.

ನಿಮಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಚಿಕಿತ್ಸೆಯ ಬಗ್ಗೆ. ಬಾಲ್ಯದಲ್ಲಿ ಪೆಟ್ಟು ತಿಂದವರ ಖಿನ್ನತೆ ವಾಸಿಯಾಗುವುದಿಲ್ಲ ಎಂಬ ನಿರಾಶೆ ಹಿಂದೆ ವೈದ್ಯರಲ್ಲೂ ಇತ್ತು. 2022ರಲ್ಲಿ 29 ಚಿಕಿತ್ಸಾ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಅಂಥವರ ಖಿನ್ನತೆ ಆರಂಭದಲ್ಲಿ ಹೆಚ್ಚು ತೀವ್ರವಾಗಿದ್ದರೂ ಔಷಧಿ ಮತ್ತು ಮನೋಚಿಕಿತ್ಸೆಯಿಂದ ಅವರಿಗೆ ಆಗುವ ಪ್ರಯೋಜನ ಉಳಿದವರಿಗೆ ಆಗುವಷ್ಟೇ ಇತ್ತು. ತೀವ್ರತೆ ಹೆಚ್ಚಿದ್ದರಿಂದ ಚಿಕಿತ್ಸೆಯ ಕೊನೆಗೂ ಅವರಲ್ಲಿ ಕೆಲವು ಲಕ್ಷಣಗಳು ಉಳಿದಿರುತ್ತಿದ್ದವು. ನಿಮ್ಮ ಸ್ಥಿತಿಯನ್ನು ಇದು ಹೆಚ್ಚುಕಡಿಮೆ ವಿವರಿಸುತ್ತದೆ ಎಂದು ನನಗನಿಸುತ್ತದೆ. ಸುಧಾರಣೆ ಅರ್ಧಕ್ಕೆ ನಿಂತಿದ್ದರೆ ಅಲ್ಲಿಗೇ ತೃಪ್ತಿಪಡಬೇಕಾಗಿಲ್ಲ. ನೀವು ಔಷಧಿಯೊಂದನ್ನೇ ತೆಗೆದುಕೊಳ್ಳುತ್ತಿದ್ದರೆ, ಆಘಾತದ ಬಗ್ಗೆ ಅನುಭವವಿರುವ ಚಿಕಿತ್ಸಕರಿಂದ ಮನೋಚಿಕಿತ್ಸೆಯನ್ನೂ ಸೇರಿಸಲು ಸಾಧ್ಯವೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಔಷಧಿಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಮಗಳ ವಿಷಯ. ಮನೋರೋಗವಿದ್ದು ಆತ್ಮಹತ್ಯೆಗೆ ಪ್ರಯತ್ನಿಸಿದ್ದ ತಂದೆತಾಯಿಯರ ಮಕ್ಕಳಲ್ಲಿ ಅಂಥ ಪ್ರಯತ್ನದ ಅಪಾಯ ಸುಮಾರು ಐದು ಪಟ್ಟು ಎಂದು ಒಂದು ಅಧ್ಯಯನ ಹೇಳುತ್ತದೆ. ನೀವು ಪ್ರಯತ್ನಿಸಿದ್ದೀರೆಂದು ಪತ್ರದಲ್ಲಿ ಎಲ್ಲಿಯೂ ಬರೆದಿಲ್ಲ, ಹಾಗಾಗಿ ಆ ಅಂಕಿ ನಿಮ್ಮ ಮಗಳಿಗೆ ಅನ್ವಯಿಸುವುದಿಲ್ಲ. ಸ್ವೀಡನ್ನಿನ ದಾಖಲೆಗಳಿಂದ ತಿಳಿದ ಇನ್ನೊಂದು ಸಂಗತಿ ನಿಮಗೆ ಹೆಚ್ಚು ಉಪಯುಕ್ತ: ತಂದೆ ಅಥವಾ ತಾಯಿಯನ್ನು ಆತ್ಮಹತ್ಯೆಯಿಂದ ಕಳೆದುಕೊಂಡವರಲ್ಲಿ ಅಪಾಯ ಹೆಚ್ಚಾದದ್ದು ಆ ಸಾವು 18 ವರ್ಷದೊಳಗೆ ಸಂಭವಿಸಿದಾಗ; ಬೆಳೆದು ದೊಡ್ಡವರಾದ ಮೇಲೆ ಸಂಭವಿಸಿದಾಗ ಹಾಗಾಗಲಿಲ್ಲ. ಹಂಚಿಕೊಂಡ ವಂಶವಾಹಿಗಳು ಎರಡೂ ಗುಂಪಿಗೆ ಸಮಾನ. ಬೇರೆಯಾಗಿದ್ದದ್ದು ಬಾಲ್ಯ. ನಿಮಗೆ ಸಿಗದ ಬಾಲ್ಯವನ್ನು ನಿಮ್ಮ ಮಗಳಿಗೆ ಕೊಡುವುದು, ನಿಮ್ಮ ಚಿಕಿತ್ಸೆಯನ್ನು ಪೂರ್ತಿ ಮಾಡುವುದು, ಅವಳ ವಯಸ್ಸಿಗೆ ತಕ್ಕಂತೆ ಅಜ್ಜಿಯ ಸಾವಿನ ಸತ್ಯವನ್ನು ಹೇಳುವುದು, ಇವು ನಿಮ್ಮ ಕೈಯಲ್ಲಿವೆ.

ಪ್ರಶ್ನೆ: ನನ್ನ ತಮ್ಮ ಖಿನ್ನತೆಯಿಂದ ಬಳಲುತ್ತಿದ್ದಾನೆ. ಚಿಕ್ಕಂದಿನಲ್ಲಿ ತನ್ನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿತ್ತೆಂದು ಈಚೆಗೆ ನನ್ನಲ್ಲಿ ಹೇಳಿಕೊಂಡ. ಸಾಯುವ ಯೋಚನೆ ಬರುತ್ತದೆಯೇ ಎಂದು ಕೇಳಲು ಹೆದರಿಕೆಯಾಗುತ್ತದೆ. ಕೇಳಿದರೆ ಇಲ್ಲದ ಯೋಚನೆಯನ್ನು ನಾನೇ ತಲೆಗೆ ತುಂಬಿದಂತಾಗುವುದಿಲ್ಲವೇ?

ಉತ್ತರ: ಇಲ್ಲ. ಈ ಭಯವನ್ನು ಹಲವು ಅಧ್ಯಯನಗಳು ಪರೀಕ್ಷಿಸಿವೆ. ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. ಎಷ್ಟೋ ಜನರಿಗೆ ಯಾರೋ ಕೇಳಿದರಲ್ಲ ಎಂಬ ನಿರಾಳವಾಗುತ್ತದೆ. ‘ಸತ್ತರೆ ಸಾಕು ಅನ್ನಿಸುತ್ತದೆಯಾ?’ ಎಂದು ನೇರವಾಗಿ, ಗಾಬರಿಯಿಲ್ಲದ ದನಿಯಲ್ಲಿ ಕೇಳಿ. ‘ಅಂಥದ್ದೇನೂ ಇಲ್ಲ ತಾನೆ?’ ಎಂದು ಕೇಳಬೇಡಿ, ಏಕೆಂದರೆ ಆ ಪ್ರಶ್ನೆ ‘ಇಲ್ಲ’ ಎಂಬ ಉತ್ತರವನ್ನೇ ಬೇಡುತ್ತದೆ. ಹೌದೆಂದರೆ ಬುದ್ಧಿ ಹೇಳಲು, ವಾದಿಸಲು ಹೋಗದೆ ಕೇಳಿಸಿಕೊಳ್ಳಿ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. ಮನೆಯಲ್ಲಿ ಅವನು ತನಗೆ ಹಾನಿ ಮಾಡಿಕೊಳ್ಳಲು ಬಳಸಬಹುದಾದ ವಸ್ತುಗಳು ಕೈಗೆ ಸಿಗದಂತೆ ಮಾಡಿ, ಅವನೊಂದಿಗೇ ಮನೋವೈದ್ಯರಲ್ಲಿಗೆ ಹೋಗಿ.

ಅಲ್ಲಿ ಸುರಕ್ಷತಾ ಯೋಜನೆಯನ್ನು ಬರೆದುಕೊಡುವಂತೆ ಕೇಳಿ. ಯೋಚನೆ ಜೋರಾಗುವ ಮುನ್ನ ತನ್ನಲ್ಲಿ ಕಾಣುವ ಲಕ್ಷಣಗಳೇನು, ಆಗ ಮನಸ್ಸನ್ನು ಬೇರೆಡೆಗೆ ಹೊರಳಿಸಲು ಏನು ಮಾಡಬಹುದು, ಯಾರಿಗೆ ಮೊದಲು ಕರೆ ಮಾಡಬೇಕು, ಯಾವ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ರೋಗಿಯೇ ತನ್ನ ಮಾತುಗಳಲ್ಲಿ, ವೈದ್ಯರ ಜೊತೆ ಕುಳಿತು ಬರೆದಿಟ್ಟುಕೊಳ್ಳುವ ಒಂದು ಹಾಳೆ ಅದು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಈ ಹಾಳೆಯನ್ನು ಬರೆಸಿ, ಮನೆಗೆ ಹೋದ ಮೇಲೆ ದೂರವಾಣಿಯಲ್ಲಿ ವಿಚಾರಿಸುತ್ತ ಬಂದಾಗ, ಮುಂದಿನ ಆರು ತಿಂಗಳಲ್ಲಿ ಆತ್ಮಹತ್ಯೆಗೆ ಸಂಬಂಧಿಸಿದ ವರ್ತನೆಗಳು ಸಾಮಾನ್ಯ ಆರೈಕೆ ಪಡೆದವರಿಗಿಂತ ಶೇಕಡ 45ರಷ್ಟು ಕಡಿಮೆ ಕಂಡುಬಂದವು ಎಂದು 2018ರಲ್ಲಿ ವರದಿಯಾಗಿದೆ. ಕರೆ ಮಾಡಬೇಕಾದವರ ಹೆಸರುಗಳಲ್ಲಿ ನಿಮ್ಮದೂ ಇರಲಿ, ಯಾವ ಹೊತ್ತಿನಲ್ಲಿ ಕರೆ ಬಂದರೂ ಎತ್ತುತ್ತೇನೆ ಎಂದು ತಮ್ಮನಿಗೆ ಇಂದೇ ಹೇಳಿ.