ಹಳೇ 407 ತಾನೇ ರೇಸ್ ಏರಿ ಇಳಿಯುತ್ತೆ, ಏರಲ್ಲಿ ಮಿಸ್ ಹೊಡೆಯುತ್ತೆ: ಪಂಪು ಬಿಚ್ಚಿಸಬೇಕಾ?

ಅಣ್ಣಾ, ಡೀಸೆಲ್ ಪಂಪು (ನಾಜಲ್‌ಗಳಿಗೆ ಪ್ರೆಶರಲ್ಲಿ ಡೀಸೆಲ್ ಕಳಿಸೋದು) ಬಿಚ್ಚೋಕೆ ಈಗ್ಲೇ ಒಪ್ಕೋಬೇಡಿ, ಎರಡು ದಿನ ತಡೀರಿ. ನೀವು ಹೇಳಿರೋದು 2001ರ ಟಾಟಾ 407, ನಿಂತಲ್ಲೇ ಯಾರೋ ಆಕ್ಸಿಲರೇಟರ್ ಒತ್ತಿ ಬಿಟ್ಟಂಗೆ ರೇಸ್ ಏರುತ್ತೆ ಇಳಿಯುತ್ತೆ, ಲೋಡ್ ಹಾಕಿ ಏರು ಹತ್ತಿಸಿದ್ರೆ ಮಿಸ್ ಹೊಡೆಯುತ್ತೆ, ಗ್ಯಾರೇಜಲ್ಲಿ ಸೌಂಡ್ ಕೇಳಿದ ತಕ್ಷಣ ಪಂಪು ಕಟ್ಟಿಸಬೇಕು, ಅಂದ್ರೆ ಪೂರ್ತಿ ಬಿಚ್ಚಿ ರಿಪೇರಿ ಮಾಡಿಸಬೇಕು ಅಂದ್ರು. ನಂದೂ ಇದೇ ಕಥೆ. ನಾನು ಒಪ್ಕೊಂಡು ಕಟ್ಟಿಸ್ದೆ, 14,000 ಹೋಯ್ತು, ಗಾಡಿ ಹೆಂಗಿತ್ತೋ ಹಂಗೇ ಇತ್ತು.

ನಂದು ಹಾಸನದಿಂದ ಮಂಗಳೂರಿಗೆ ತರಕಾರಿ ಬಾಡಿಗೆ, ವಾಪಸ್ ಬರ್ತಾ ಹೆಂಚೋ ಏನೋ ಸಿಕ್ಕಿದ್ದು. ಹೋಗುವಾಗ ಏನೂ ತಕರಾರಿಲ್ಲ. ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಶುರುವಾಯ್ತು ಅಂದ್ರೆ ಸೆಕೆಂಡ್ ಗೇರಲ್ಲೂ ಎಳೀತಿರ್ಲಿಲ್ಲ, ಕುಂಟ್ಕೊಂಡು ಕುಂಟ್ಕೊಂಡು ಹತ್ತೋದು, ಹಿಂದೆ ಬಸ್ಸಿನವರು ಹಾರ್ನ್ ಹೊಡೆದೂ ಹೊಡೆದೂ ಸಾಯ್ಸೋರು. ಎಲ್ಲರೂ ಲೋಡು ಜಾಸ್ತಿ, ಏರು ಬೇರೆ, ಪಂಪು ಸವೆದಿದೆ ಅಂದ್ರು, ನಾನೂ ನಂಬ್ದೆ. ಪಂಪು ಕಟ್ಟಿಸಿ ಆದ್ಮೇಲೆ ಒಂದಿನ ಬಾಡಿಗೆ ದುಡ್ಡು ಕೈಲಿತ್ತು ಅಂತ ಉಪ್ಪಿನಂಗಡೀಲಿ ಟ್ಯಾಂಕ್ ಫುಲ್ ಮಾಡಿಸ್ಬಿಟ್ಟೆ, ಅದೇ ಹೆಂಚು, ಅದೇ ಘಾಟಿ, ಸಕಲೇಶಪುರ ಮುಟ್ಟೋ ತನಕ ಒಂದೇ ಒಂದು ಮಿಸ್ ಇಲ್ಲ! ಆವತ್ತೇ ತಲೆಗೆ ಹೊಳೆದಿದ್ದು, ಇಷ್ಟು ದಿನ ತೊಂದ್ರೆ ಕೊಡ್ತಿದ್ದಿದ್ದು ಘಾಟಿಯ ಏರು ಅಲ್ಲ, ಅರ್ಧಕ್ಕಿಂತ ಕೆಳಗಿಳಿದ ಡೀಸೆಲ್ ಅಂತ.

ಟ್ಯಾಂಕಿನ ಒಳಗೆ ಡೀಸೆಲ್ ಎಳ್ಕೊಳ್ಳೋ ಪೈಪು ಮೇಲಿಂದ ತಳದ ತನಕ ಇಳಿದಿರುತ್ತಲ್ಲ, ನಂದು ಮಧ್ಯದಲ್ಲಿ ತುಕ್ಕು ತಿಂದು ಸೂಜಿ ಮೊನೆಯಷ್ಟು ತೂತಾಗಿತ್ತು. ಡೀಸೆಲ್ ಆ ತೂತಿಗಿಂತ ಮೇಲಿದ್ರೆ ತೂತೂ ಡೀಸೆಲ್ಲನ್ನೇ ಎಳೆಯುತ್ತೆ, ಕೆಳಗಿಳೀತು ಅಂದ್ರೆ ಗಾಳಿ ಎಳೆಯುತ್ತೆ. ಪೈಪು ಬದಲಾಯಿಸಿ ಬ್ರೇಜಿಂಗ್ ಹಾಕಿಸೋಕೆ ಆಗಿದ್ದು 350 ರೂಪಾಯಿ. ಆ 14,000 ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಗಾಳಿ ಹೋದ್ರೆ ರೇಸ್ ಯಾಕೆ ಏರಿ ಇಳಿಯುತ್ತೆ ಅಂದ್ರೆ, ಗಾಳಿಗುಳ್ಳೆ ಪಂಪಿಗೆ ಬಂದಾಗ ಡೀಸೆಲ್ ಒತ್ತೋ ಪ್ಲಂಜರ್ ಅದನ್ನ ಬರೀ ಅಮುಕುತ್ತೆ, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸೋ ನಾಜಲ್ ತೆರೆಯೋವಷ್ಟು ಪ್ರೆಶರ್ ಬರಲ್ಲ, ಆ ಸಿಲಿಂಡರ್ ಹೊಡೆಯಲ್ಲ, ಆರ್‌ಪಿಎಂ ಬೀಳುತ್ತೆ. ಗವರ್ನರ್‌ಗೇನು ಗೊತ್ತು, ಬಿತ್ತಲ್ಲ ಅಂತ ಡೀಸೆಲ್ ಜಾಸ್ತಿ ಕೊಡುತ್ತೆ, ಅಷ್ಟರಲ್ಲಿ ಗುಳ್ಳೆ ಹೋಗಿರುತ್ತೆ, ರೇಸ್ ಏರುತ್ತೆ, ಗವರ್ನರ್ ಮತ್ತೆ ಕಮ್ಮಿ ಮಾಡುತ್ತೆ. ಹೊರಗಿಂದ ನೋಡಿದವರಿಗೆ ಪಂಪಿಂದೇ ತಪ್ಪು ಅನ್ಸುತ್ತೆ. ಇನ್ನೊಂದು ಮೋಸ ಏನಂದ್ರೆ ಫೀಡ್ ಪಂಪಿಂದ (ಟ್ಯಾಂಕಿಂದ ಡೀಸೆಲ್ ಎಳೆದು ದೊಡ್ಡ ಪಂಪಿಗೆ ಕೊಡೋ ಸಣ್ಣ ಪಂಪು) ಟ್ಯಾಂಕಿನ ತನಕ ಇರೋದೆಲ್ಲ ಎಳೆಯೋ ಕಡೆ, ಅಲ್ಲಿ ಲೀಕಿದ್ರೆ ಇಂಜಿನ್ ಓಡುವಾಗ ಡೀಸೆಲ್ ಹೊರಗೆ ಸೋರಲ್ಲ, ಗಾಳಿ ಒಳಗೆ ಹೋಗುತ್ತೆ. ಪೈಪೆಲ್ಲ ಒಣಗಿದೆ, ಲೀಕಿಲ್ಲ ಅಂತ ಹೇಳೋರ ಮಾತು ಕೇಳಲೇಬೇಡಿ.

ನೀವು ಮೊದ್ಲು ಮಾಡ್ಬೇಕಾದ್ದು, ಗಾರೆಯವರು ಲೆವೆಲ್ ನೋಡ್ತಾರಲ್ಲ ಆ ಟ್ರಾನ್ಸ್‌ಪರೆಂಟ್ ಪೈಪು ಒಂದೆರಡಡಿ ತಗೊಂಡು ಫೀಡ್ ಪಂಪಿಗೆ ಡೀಸೆಲ್ ಬರೋ ಕಡೆ ಕ್ಲಿಪ್ ಹಾಕಿ ಕೂರ್ಸಿ, ಲೈನಲ್ಲಿರೋ ಗಾಳಿ ತೆಗೆದು ಸ್ಟಾರ್ಟ್ ಮಾಡಿ, ರೇಸ್ ಮಾಡಿ ನೋಡ್ತಾ ಇರಿ. ಗುಳ್ಳೆ ಸಾಲಾಗಿ ಬರೋದು ಕಣ್ಣಿಗೇ ಕಾಣುತ್ತೆ. ಟ್ಯಾಂಕ್ ಅರ್ಧಕ್ಕಿಂತ ಕಮ್ಮಿ ಇದ್ದಾಗ್ಲೇ ಮಾಡಿ, ಫುಲ್ ಇದ್ರೆ ನನ್ನಂಗೇ ಏಮಾರ್ತೀರ. ಆ ಪೈಪು ಡೀಸೆಲ್ಲಿಗೆ ತಡೆಯಲ್ಲ, ಟೆಸ್ಟ್ ಆದ್ಮೇಲೆ ತೆಗೆದುಬಿಡಿ.

ಗುಳ್ಳೆ ಬಂದ್ರೆ ಟ್ಯಾಂಕನ್ನೇ ಬಿಟ್ಟು ಒಂದು ಕ್ಯಾನಲ್ಲಿ ಕ್ಲೀನ್ ಡೀಸೆಲ್ ಇಟ್ಟು ಹೊಸ ಹೋಸಲ್ಲಿ ನೇರ ಫೀಡ್ ಪಂಪಿಗೆ ಕೊಡಿ, ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಡಿ. ಕ್ಯಾನು ಟ್ಯಾಂಕಿನ ಮಟ್ಟದಲ್ಲೇ ಇರ್ಲಿ, ಮೇಲೆ ಕಟ್ಟಿದ್ರೆ ಡೀಸೆಲ್ ತಾನಾಗೇ ಇಳಿಯುತ್ತೆ, ಫೀಡ್ ಪಂಪ್ ವೀಕಿದ್ರೂ ಗೊತ್ತಾಗಲ್ಲ. ಗಾಡಿ ಸರಿ ಹೋಯ್ತಾ, ತಪ್ಪು ಟ್ಯಾಂಕಲ್ಲೋ ಲೈನಲ್ಲೋ ಇದೆ. ಕ್ಲಿಪ್ ಕೆಳಗೆ ಬಿರುಕು ಬಿಟ್ಟ ರಬ್ಬರ್ ಹೋಸು, ಪೈಪಿನ ತುದಿ ಬಿಗಿಯೋ ಬ್ಯಾಂಜೋ ಬೋಲ್ಟಿನ ಹಳೇ ತಾಮ್ರದ ವಾಷರು, ಇವನ್ನೆಲ್ಲ ನೋಡಿ. ಕ್ಯಾನಲ್ಲೂ ಗುಳ್ಳೆ ಇಲ್ದೆ ಹಂಟಿಂಗ್ (ಹಿಂಗೆ ರೇಸ್ ತಾನೇ ಏರಿ ಇಳಿಯೋದು) ಇದ್ರೆ ಫೀಡ್ ಪಂಪಿನ ಮೇಲೆ ಕೈಯಲ್ಲಿ ಒತ್ತೋ ಪ್ರೈಮರ್ ಗಾಳಿ ಎಳೀತಿದ್ಯಾ ನೋಡಿ, ಅದು ಆ ಟ್ರಾನ್ಸ್‌ಪರೆಂಟ್ ಪೈಪಿಗಿಂತ ಮುಂದೆ ಇರೋದ್ರಿಂದ ಕಾಣಲ್ಲ. ಬಟ್ಟೆ ಫಿಲ್ಟರು, ಪೇಪರ್ ಫಿಲ್ಟರು ಎರಡೂ ಬದಲಾಯಿಸಿ, ಬೌಲಲ್ಲಿ ನೀರಿದ್ರೆ ಹೊರಗೆ ಚೆಲ್ಲಿ. ಇದರಲ್ಲಿ ಎರಡು ಮಾತೇ ಇಲ್ಲ.

ಮಿಸ್ಸು ಯಾವ ಸಿಲಿಂಡರಿಂದ ಅಂತ ಹುಡುಕೋದು ಬೇರೆ. ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನಾಲ್ಕೂ ಬಾಯಿ ಮೇಲೆ ಒಂದೊಂದು ಹನಿ ನೀರು ಚಿಮುಕಿಸಿ, ಹೊಡೀತಿರೋದರ ಮೇಲೆ ಚುರ್ ಅಂತ ಆರಿಹೋಗುತ್ತೆ, ಹೊಡೀದೆ ಇರೋದರ ಮೇಲೆ ಹನಿ ಹಂಗೇ ಕೂತಿರುತ್ತೆ. ಆಮೇಲೆ ಐಡ್ಲಿಂಗಲ್ಲಿ ಆ ನಾಜಲಿನ ಪೈಪ್ ನಟ್ಟು ಅರ್ಧ ಸುತ್ತು ಸಡಿಲ ಮಾಡಿ, ಸೌಂಡ್ ಬದಲಾಗ್ಲಿಲ್ಲ ಅಂದ್ರೆ ಅದೇ ಕಳ್ಳ. ಮೇಲೆ ದಪ್ಪ ಬಟ್ಟೆ ಸುತ್ತಿ, ಮುಖ ದೂರ ಇರ್ಲಿ, ಚಿಮ್ಮೋ ಡೀಸೆಲ್ಲಿಗೆ ಕೈ ಒಡ್ಡಬೇಡಿ, ಚರ್ಮ ತೂರಿ ಒಳಗೆ ಹೋಗುತ್ತೆ. ಕಾಮನ್ ರೈಲ್ (ಎಲ್ಲ ನಾಜಲ್‌ಗಳಿಗೂ ಒಂದೇ ಹೈ ಪ್ರೆಶರ್ ಪೈಪಿಂದ ಡೀಸೆಲ್ ಕೊಡೋ ಸಿಸ್ಟಮ್) ಇರೋ ಹೊಸ ಗಾಡೀಲಂತೂ ಇದನ್ನ ಮಾಡ್ಲೇಬೇಡಿ, ಅಲ್ಲಿ ಪ್ರೆಶರ್ 1,000 ಬಾರ್ ದಾಟುತ್ತೆ, ಪ್ರಾಣಕ್ಕೇ ಅಪಾಯ. ನಿಮ್ಮದು ಹಳೇ ಮೆಕ್ಯಾನಿಕಲ್ ಪಂಪು ಅಂತ ಹೇಳ್ತಿರೋದು.

ಕಳ್ಳ ಸಿಕ್ಕಿದ್ಮೇಲೆ ಆ ನಾಜಲ್ನ ಪಕ್ಕದ ಸಿಲಿಂಡರಿಗೆ ಅದಲು ಬದಲು ಮಾಡಿ, ಹೊಸ ತಾಮ್ರದ ವಾಷರ್ ಹಾಕಿ. ಮಿಸ್ಸು ಅದರ ಜೊತೆ ಹೋದ್ರೆ ನಾಜಲ್. ಅಲ್ಲೇ ಉಳಿದ್ರೆ ವಾಲ್ವಿನ ಟ್ಯಾಪೆಟ್ ಗ್ಯಾಪ್ ನೋಡಿಸಿ, ಕಂಪ್ರೆಷನ್ ಚೆಕ್ ಮಾಡಿಸಿ. ಬೆಳ್ಳಗೆ ಕಣ್ಣು ಉರಿಸೋ ಹೊಗೆ ಬರ್ತಿದ್ರೆ ಡೀಸೆಲ್ ಸುಡದೆ ಹೋಗ್ತಿದೆ, ನೀಲಿ ಆದ್ರೆ ಆಯಿಲ್, ಅದು ಪಿಸ್ಟನ್ ರಿಂಗು, ವಾಲ್ವ್ ಗೈಡಿನ ಕಡೆ ಹೋಗುತ್ತೆ, ಖರ್ಚಿನ ದಾರಿ.

ಇಷ್ಟೆಲ್ಲ ಮಾಡಿ ಗಾಳಿ ಇಲ್ಲ, ನಾಜಲ್ ಚೆನ್ನಾಗಿದೆ, ಕಂಪ್ರೆಷನ್ ಇದೆ, ಆದ್ರೂ ಹಂಟಿಂಗ್ ಇದೆ ಅಂದ್ರೆ ಆಗ ಪಂಪು. ಗವರ್ನರ್ ಸ್ಪ್ರಿಂಗ್ ಸೋತಿರಬಹುದು, ರ‍್ಯಾಕ್ (ಡೀಸೆಲ್ ಅಳತೆ ಹೆಚ್ಚು ಕಮ್ಮಿ ಮಾಡೋ ಕಡ್ಡಿ) ಅಂಟಿರಬಹುದು. ಬಿಚ್ಚಿಸೋ ಮುಂಚೆ ಓವರ್‌ಫ್ಲೋ ವಾಲ್ವ್ ಒಂದು ಬದಲಾಯಿಸಿ ನೋಡಿ, ಅದರ ಸ್ಪ್ರಿಂಗ್ ಸೋತ್ರೆ ಪಂಪೊಳಗೆ ಡೀಸೆಲ್ ನಿಲ್ಲದೆ ವಾಪಸ್ ಹೋಗುತ್ತೆ, ಲೋಡಲ್ಲಿ ಸತ್ತಂಗಾಡುತ್ತೆ. ಅಂಗಡೀಲಿ ಮೈಕೋ ವಾಲ್ವ್ ಅಂತಾನೇ ಕೇಳಿ, ಬೆಂಗಳೂರಿನ ಆಡುಗೋಡಿ ಮೈಕೋ ಕಂಪನಿಗೆ 2008ರಲ್ಲಿ ಬಾಷ್ ಅಂತ ಹೆಸರಾಗಿದ್ರೂ ನಮ್ಮ ಕಡೆ ಯಾರೂ ಹಂಗೆ ಕರೆಯಲ್ಲ. ಪಂಪ್ ರೂಮಿಗೆ (ಡೀಸೆಲ್ ಪಂಪು ರಿಪೇರಿ ಮಾಡೋ ಅಂಗಡಿ) ಕೊಡೋದೇ ಆದ್ರೆ ಬೆಂಚಿನ ಮೇಲೆ ನಾಲ್ಕೂ ಸಿಲಿಂಡರಿಗೆ ಎಷ್ಟೆಷ್ಟು ಡೀಸೆಲ್ ಬರುತ್ತೆ ಅಂತ ಬಿಚ್ಚೋ ಮುಂಚೆ ಒಂದ್ಸಲ, ಕಟ್ಟಿದ್ಮೇಲೆ ಒಂದ್ಸಲ, ನಿಮ್ಮ ಕಣ್ಣೆದುರೇ ಅಳೆಸಿ. ನಾನು ಅದನ್ನೂ ಕೇಳಿರ್ಲಿಲ್ಲ.